ತೊಗರಿ ಬೇಳೆ ಮಿಲ್ಲಿನ ಮೋಟಾರಿಗೆ ಕರಿ ಮಾಲಿ ಗ್ರೀಸ್ ನಡೀತದೇನ್ರಿ?

ಬೇಳೆಮಿಲ್_ಕಲಬುರಗಿ:
ನಮಸ್ಕಾರ್ರಿ. ಗ್ರೀಸ್ ಕೇಳಿದ್ರ ಅಂಗಡಿಯವರು ಕರಿ ಡಬ್ಬಿ ಕೊಟ್ಟಾರ. ಮ್ಯಾಲ ‘ಮಾಲಿಬ್ಡಿನಂ ಡೈಸಲ್ಫೈಡ್ 3%, ಲಿಥಿಯಂ, ಎನ್‌ಎಲ್‌ಜಿಐ 2’ ಅಂತ ಅದ. ಮಾಲಿಬ್ಡಿನಂ ಡೈಸಲ್ಫೈಡಿಗೇ ಮಾಲಿ ಅಂತಾರ, ಎನ್‌ಎಲ್‌ಜಿಐ 2 ಅಂದ್ರ ಗ್ರೀಸ್ ಎಷ್ಟು ಗಟ್ಟಿ ಅನ್ನೋ ದರ್ಜೆ. ಎಲ್ಲಾ ಕಡಿಗೂ ಇದೇ ಹಚ್ಚರಿ ಅಂತಾರ. 1440 ಆರ್‌ಪಿಎಂ ಮೋಟಾರಿನ 6309 ನಂಬರಿನ ಬೇರಿಂಗ್, ಕಾಳು ಮ್ಯಾಲ ಎತ್ತೋ ಎಲಿವೇಟರ್, ಟ್ರಾಲಿ ಪಿನ್ನು, ಮೂರಕ್ಕೂ ನಡೀತದೇನು?

ಬೇರಿಂಗ್_ಫಿಟ್ಟರ್:
ಟ್ರಾಲಿ ಪಿನ್ನಿಗೆ ಧೈರ್ಯದಿಂದ ಹಾಕ್ರಿ, ಅದಕ್ಕೇ ಮಾಡಿದ ಮಾಲದು. ಭಾರ ಜಾಸ್ತಿ, ಓಡಾಟ ಕಡಿಮಿ ಇರೋ ಜಾಗದಾಗ ಎಣ್ಣಿ ಪದರ ನಿಲ್ಲಂಗಿಲ್ಲ. ಆವಾಗ ಕಬ್ಬಿಣಕ್ಕ ಅಂಟಿಕೊಂಡ ಮಾಲಿ ಪುಡಿನೇ ಕೆಲಸ ಮಾಡ್ತದ.

ಮೋಟಾರಿಗೆ ಬ್ಯಾಡ. ವೇಗದ ಬೇರಿಂಗ್‌ನಾಗ ಗುಂಡು ಉರುಳಬೇಕು, ಹಿಡಿತ ತೀರಾ ಕಡಿಮಿ ಆದ್ರ ಜಾರ್ತಾವ. ಮಾಲಿ ಗ್ರೀಸಿನ ಎಣ್ಣಿನೂ ಸಾಮಾನ್ಯವಾಗಿ ದಪ್ಪ, ಕಡೆದು ಕಡೆದು ಬಿಸಿ ಏರ್ತದ. ಮೊದಲು ಬೇರಿಂಗ್ ಮ್ಯಾಲ 2ಝಡ್ ಅಥವಾ 2ಆರ್‌ಎಸ್ ಬರದದೇನು ನೋಡ್ರಿ. ಇದ್ರ ಅದು ಎರಡೂ ಕಡಿ ಮುಚ್ಚಿದ ಬೇರಿಂಗ್, ಗ್ರೀಸೇ ಹಾಕೋದಿಲ್ಲ.

ಹಳೇ ಗ್ರೀಸ್ ಪಾಲಿಯೂರಿಯಾ (ಬ್ಯಾರೆ ಜಾತಿ ಗ್ರೀಸ್) ಇದ್ದು ಮ್ಯಾಲ ಲಿಥಿಯಂ ಹಾಕಿದ್ರ ಎರಡೂ ಸೇರಿ ತೆಳ್ಳಗಾಗಿ ಸೋರ್ಬಹುದು. ಯಾವ ಗ್ರೀಸ್ ಅಂತ ಮೋಟಾರಿನ ಪ್ಲೇಟ್ ಮ್ಯಾಲ ಓದ್ರಿ.

ರಸಾಯನ_ಬೀದರ್:
ಕಾರಣ ಅದರ ಹರಳಿನಲ್ಲೇ ಇದೆ. ಎರಡು ಗಂಧಕದ ಪದರಗಳ ನಡುವೆ ಮಾಲಿಬ್ಡಿನಂ ಪದರ. ಈ ಮೂರರ ಕಟ್ಟು ಗಟ್ಟಿ, ಆದರೆ ಒಂದು ಕಟ್ಟಿಗೂ ಮುಂದಿನ ಕಟ್ಟಿಗೂ ಬಂಧ ಬಹಳ ಸಡಿಲ. ಇಸ್ಪೀಟ್ ಎಲೆಗಳ ಹಾಗೆ ಸರಿಯುತ್ತವೆ. ಬೆರಳಲ್ಲಿ ತಿಕ್ಕಿದರೆ ಸೀಸದ ಕಡ್ಡಿಯಂತೆ ಬೂದು ಹೊಳಪು ಬರುವುದೂ ಇದರಿಂದಲೇ. ಗ್ರಾಫೈಟ್ ಗ್ರೀಸೂ ಕರಿಯೇ, ಬಣ್ಣ ನೋಡಿ ನಂಬಬೇಡಿ. ಗ್ರಾಫೈಟಿಗೆ ತೇವ ಬೇಕು, ಮಾಲಿಗೆ ತೇವ ಕೂಡದು. ನಿರ್ವಾತದಲ್ಲಿ ಉಪಗ್ರಹಗಳಿಗೆ ಮಾಲಿಯನ್ನೇ ಆರಿಸುವುದು ಅದಕ್ಕೆ.

ಗಾಳಿಯಲ್ಲಿ ಅದು ಸುಮಾರು 350 ಡಿಗ್ರಿವರೆಗೆ ತಾಳುತ್ತದೆ. ಆಮೇಲೆ ಆಕ್ಸೈಡ್ ಆಗುತ್ತದೆ. ಆದರೆ ಡಬ್ಬಿಯ ಲಿಥಿಯಂ ಗ್ರೀಸ್ 120-130 ಡಿಗ್ರಿಗೇ ಕೈಬಿಡುತ್ತದೆ, ಹಾಗಾಗಿ ಭಟ್ಟಿಯ ಬಳಿ ಮಾಲಿ ಹೆಸರಿಗೆ ಮರುಳಾಗಬೇಡಿ.

ಬೇರಿಂಗ್_ಫಿಟ್ಟರ್:
ಎಲಿವೇಟರ್ ಒಳಗ ಬೇಳೆಗೆ ತಾಗೋ ಜಾಗಕ್ಕ ಕರಿ ಗ್ರೀಸ್ ಹಾಕಲೇಬ್ಯಾಡ್ರಿ. ಫುಡ್ ಗ್ರೇಡ್ ಎಚ್1 ತರ್ರಿ. ಹೊರಗಿನ ಬೇರಿಂಗಿಗೆ ಸಾದಾ ಲಿಥಿಯಂ ಸಾಕು.

ಇನ್ನೊಂದು ಮಾತು, ಬೋಲ್ಟಿಗೆ ಮಾಲಿ ಪೇಸ್ಟ್ ಹಚ್ಚಿ ಹಳೇ ಟಾರ್ಕೇ (ಬಿಗಿಸೋ ತಿರುಚು ಬಲ) ಕೊಟ್ರ ಬೋಲ್ಟ್ ಎಳೆದು ಕುತ್ತಿಗಿ ತೆಳ್ಳಗಾಗ್ತದ. ಎಂ16 (16 ಮಿ.ಮೀ.) ಅಳತಿ, 8.8 ಗಟ್ಟಿತನದ ದರ್ಜೆಯ ಬೋಲ್ಟಿಗೆ ಒಣಗಿದಾಗ ಸುಮಾರು 200 ನ್ಯೂಟನ್ ಮೀಟರ್, ಪೇಸ್ಟ್ ಹಚ್ಚಿದ್ರ 140ರ ಸುತ್ತ. ಪೇಸ್ಟಿನ ಡಬ್ಬಿ ಮ್ಯಾಲಿನ ಘರ್ಷಣಾಂಕ ನೋಡಿ ತಿದ್ದಿಕೊಳ್ರಿ.

ಬೇಳೆಮಿಲ್_ಕಲಬುರಗಿ:
6309ಕ್ಕ ಎಷ್ಟು ಗ್ರೀಸ್ ಹಾಕಬೇಕ್ರಿ?

ಬೇರಿಂಗ್_ಫಿಟ್ಟರ್:
ಬೇರಿಂಗಿನ ಹೊರ ವ್ಯಾಸ ಗುಣಿಸು ಅಗಲ ಗುಣಿಸು 0.005, ಅಳತಿ ಮಿ.ಮೀ.ದಾಗ. 100 × 25 × 0.005, ಅಂದ್ರ 12.5 ಗ್ರಾಂ. ಗನ್ನಿನ ಹತ್ತು ಹೊಡೆತ ಕಾಗದದ ಮ್ಯಾಲ ಬಿಟ್ಟು ತೂಗಿದ್ರ ಒಂದು ಹೊಡೆತದ ಲೆಕ್ಕ ಸಿಗ್ತದ. ನಿಪ್ಪಲ್ ಬಟ್ಟಿಲೆ ಒರೆಸ್ರಿ, ಹೊಟ್ಟಿನ ಪುಡಿ ಒಳಗ ಹೋದ್ರ ಬೇರಿಂಗನ್ನ ತಿಕ್ಕಿ ತಿಂತದ. ಕೆಳಗಿನ ಡ್ರೈನ್ ಪ್ಲಗ್ ತೆಗೆದು ಹಾಕ್ರಿ, 20-30 ನಿಮಿಷ ಮೋಟಾರ್ ಓಡಿಸಿದ ಮ್ಯಾಲ ಪ್ಲಗ್ ಮುಚ್ರಿ. ಮುಚ್ಚಿಟ್ಟೇ ತುಂಬಿದ್ರ ಗ್ರೀಸ್ ಮೋಟಾರಿನ ತಂತಿ ಸುರುಳಿ (ವೈಂಡಿಂಗ್) ಕಡಿಗಿ ಹೋಗ್ತದ.