ಹೊಳೆಯುವ ನ್ಯಾನೋಕಣಗಳಿಂದ ಕೀಟನಾಶಕ ಪತ್ತೆ: ಜೀವರಸಾಯನ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸಂಶೋಧನಾ ವಿದ್ಯಾರ್ಥಿನಿ: ಇಂಗಾಲದ ಹೊಳೆಯುವ ನ್ಯಾನೋಕಣಗಳಾದ ಕಾರ್ಬನ್ ಡಾಟ್‌ಗಳ ಹೊಳಪನ್ನು ಮ್ಯಾಂಗನೀಸ್ ಡೈಆಕ್ಸೈಡ್ ಹಾಳೆಗಳಿಂದ ನಂದಿಸಿದ್ದೇನೆ. ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದಿಂದ ಹುಟ್ಟುವ ಥಯೋಕೋಲಿನ್ ಆ ಹಾಳೆಗಳನ್ನು ಕರಗಿಸಿದಾಗ ಹೊಳಪು ಮರಳುತ್ತದೆ, ಕೀಟನಾಶಕವಿದ್ದರೆ ಅದು ಕಿಣ್ವವನ್ನು ತಡೆಯುವುದರಿಂದ ಮರಳಬಾರದು. ಆದರೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಬೆರೆಸಿದ ಹಸಿಮೆಣಸಿನಕಾಯಿಯ ರಸದಲ್ಲೂ ಪೂರ್ತಿ ಮರಳಿತು. ಏಕೆ?

ತಜ್ಞೆ: ವಿಷವಿರುವ ಕಾಯಿಯನ್ನು ನಿಮ್ಮ ಪರೀಕ್ಷೆ ಶುದ್ಧವೆಂದು ಹೇಳುತ್ತಿರುವುದರಿಂದ ಇದು ಕಳವಳದ ಸಂಗತಿ. ಮೊದಲನೆಯದಾಗಿ, ಕ್ಲೋರ್‌ಪೈರಿಫಾಸ್‌ನಲ್ಲಿ ರಂಜಕಕ್ಕೆ ಗಂಧಕ ಅಂಟಿಕೊಂಡಿದೆ. ಯಕೃತ್ತಿನಲ್ಲಿ ಆ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಆಕ್ಸಾನ್ ಆದ ಮೇಲಷ್ಟೇ ಅದು ಕಿಣ್ವವನ್ನು ಬಲವಾಗಿ ಹಿಡಿಯುತ್ತದೆ, ನಳಿಕೆಯಲ್ಲಿ ಯಕೃತ್ತು ಇಲ್ಲ. ಎರಡನೆಯದು ಇನ್ನೂ ಮುಖ್ಯ: ಮೆಣಸಿನಕಾಯಿಯಲ್ಲಿ ವಿಟಮಿನ್ ಸಿ ಹೇರಳವಾಗಿದ್ದು, ಥಯೋಕೋಲಿನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಅಂದರೆ ಕಿಣ್ವ ಸತ್ತಿದ್ದರೂ ಹಾಳೆಗಳು ಕರಗುತ್ತವೆ. ಕಿಣ್ವವನ್ನೂ ಅದು ಒಡೆದು ಥಯೋಕೋಲಿನ್ ಮಾಡುವ ಅಸಿಟೈಲ್‌ಥಯೋಕೋಲಿನ್ ಅನ್ನೂ ಹಾಕದೆ ಅದೇ ರಸದ ಒಂದು ನಳಿಕೆ ಇಟ್ಟಿದ್ದಿರಾ? ಪ್ರತಿಬಂಧಕವನ್ನು, ಅಂದರೆ ಕೀಟನಾಶಕವನ್ನು, ಕಿಣ್ವದೊಂದಿಗೆ ಮೊದಲೇ ಕೆಲವು ನಿಮಿಷ ಬಿಟ್ಟಿದ್ದಿರಾ?

ಸದಸ್ಯ 1: ಮನೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದು ತರಕಾರಿಯ ವಿಷವನ್ನು ನೋಡಬಹುದೇ?

ತಜ್ಞೆ: ಆಗುವುದಿಲ್ಲ.

ಸದಸ್ಯ 2: ಅರಿಸಿನದ ನೀರಿನಲ್ಲಿ ನೆನೆಸಿದ ತರಕಾರಿ ಟಾರ್ಚ್ ಬೆಳಕಿಗೆ ಹೊಳೆದರೆ ವಿಷ ಹೊರಬಂದಿತೆಂದೂ, ಆ ನೀರು ಕುಡಿದರೆ ಒಳಗಿನ ವಿಷವೂ ಇಳಿಯುವುದೆಂದೂ ಸಂದೇಶ ಬಂದಿದೆ.

ತಜ್ಞೆ: ಹೊಳೆಯುವುದು ಅರಿಸಿನದ ಕರ್ಕ್ಯುಮಿನ್, ವಿಷವಲ್ಲ. ಆ ನೀರನ್ನು ಕುಡಿಯಬೇಡಿ. ಸಿಂಪಡಿಸುವಾಗ ಯಾರಿಗಾದರೂ ಬೆವರು, ಜೊಲ್ಲು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಇರುತ್ತದೆ, ಫಾರ್ವರ್ಡ್ ಸಂದೇಶದಲ್ಲಿ ಇರುವುದಿಲ್ಲ.

ಸದಸ್ಯ 3: ಹೊಳಪು ನಂದುವುದು ಡಾಟ್‌ಗಳಿಂದ ಹಾಳೆಗಳಿಗೆ ಆಗುವ ಶಕ್ತಿ ವರ್ಗಾವಣೆಯಿಂದ. ಡಾಟ್‌ಗಳು ಸೂಸುವ ಬೆಳಕಿನ ಮತ್ತು ಹಾಳೆಗಳು ಹೀರುವ ಬೆಳಕಿನ ರೋಹಿತಗಳು ಒಂದರ ಮೇಲೊಂದು ಬೀಳುತ್ತವಲ್ಲ, ಅಷ್ಟು ಸಾಕು.

ಸದಸ್ಯ 4: ಸಾಲದು. ಹಾಳೆಗಳು ಬೆಳಕನ್ನು ಸುಮ್ಮನೆ ಹೀರಿಕೊಂಡರೂ ಹಾಗೆಯೇ ಕಾಣುತ್ತದೆ. ಹೊಳಪಿನ ಆಯುಷ್ಯ, ಅಂದರೆ ಬೆಳಕು ಬಿಟ್ಟ ಮೇಲೆ ಅದು ಉಳಿಯುವ ಅವಧಿ, ಅಳೆಯಿರಿ. ಅದು ಕುಗ್ಗದಿದ್ದರೆ ವರ್ಗಾವಣೆ ಎನ್ನಲಾಗದು.

ಸದಸ್ಯ 3: ಎಲ್ಲರ ಬಳಿಯೂ ಆ ಉಪಕರಣ ಇರುವುದಿಲ್ಲ.

ಸದಸ್ಯ 4: ಹಾಗಾದರೆ ತೀರ್ಪನ್ನೂ ಕೊಡಬೇಡಿ.

ಸದಸ್ಯ 5: ಟಾರ್ಚ್‌ನಿಂದ ವಿಷ ಕಾಣುವುದೇ?

ತಜ್ಞೆ: ಮೇಲೆ ಓದಿ. ಮತ್ತೆ ಉತ್ತರಿಸುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ: ಈಗ ನೋಡಿದೆ, ಬರಿಯ ರಸದ ನಳಿಕೆಯಲ್ಲೂ ಹೊಳಪು ಮರಳಿದೆ.

ತಜ್ಞೆ: ಹಾಗಾದರೆ ಈವರೆಗಿನ ಕಾಯಿಗಳ ಫಲಿತಾಂಶಗಳನ್ನೆಲ್ಲ ಬದಿಗಿಡಿ. ಬಫರ್‌ನಲ್ಲಿ, ಆಕ್ಸಾನ್‌ನ ಪ್ರಮಾಣಿತ ದ್ರಾವಣದಿಂದ, ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ಮತ್ತೆ ಆರಂಭಿಸಿ.