ಕಾಂಟ್ಯಾಕ್ಟ್ ಹಿಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೇಸ್‌ಬಾಲ್ ಕಲಿಯುವ ಮಕ್ಕಳಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪವರ್, ಕಾಂಟ್ಯಾಕ್ಟ್, ಸ್ಪೀಡ್ ಎಂಬ ಮೂರು ತಲೆಬರಹದ ಪಟ್ಟಿ ಇದೆ. ಸುಲಭದ ಪದಗಳು ಅಂದುಕೊಂಡೆ. ಮೂರೂ ಕೈಕೊಟ್ಟವು.

ಕಾಂಟ್ಯಾಕ್ಟ್‌ಗೆ ನಿಘಂಟು ನೋಡಿ ‘ಸಂಪರ್ಕ’ ಎಂದು ಬರೆದೆ. ಓದಿದ ಹನ್ನೆರಡು ವರ್ಷದ ಹುಡುಗ ‘ಯಾರ ಜೊತೆ ಸಂಪರ್ಕ?’ ಎಂದ. ಅವನ ತಪ್ಪಿಲ್ಲ. ಆಟದಲ್ಲಿ ಈ ಮಾತಿನ ಅರ್ಥ, ಬೀಸಿದಾಗ ಚೆಂಡು ಬ್ಯಾಟಿಗೆ ಸಿಗುವುದು. ಟೋನಿ ಗ್ವಿನ್ 1982ರಿಂದ 2001ರವರೆಗೆ ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿ 3,141 ಹಿಟ್ (ಹೊಡೆದು ಬೇಸ್ ತಲುಪಿದ್ದು) ಗಳಿಸಿದರು. ಸ್ಟ್ರೈಕ್‌ಔಟ್, ಅಂದರೆ ಚೆಂಡನ್ನು ಮೈದಾನಕ್ಕೆ ಹೊಡೆಯಲಾಗದೆ ಔಟ್, ಆದದ್ದು ಬರೀ 434 ಸಲ. ಸಾಮಾನ್ಯವಾಗಿ ಬೇಲಿ ದಾಟುವ ಹೊಡೆತವಾದ ಹೋಮ್ ರನ್ 135 ಅಷ್ಟೇ. ಇಂಥವರೇ ಕಾಂಟ್ಯಾಕ್ಟ್ ಹಿಟರ್‌ಗಳು. ಅವರನ್ನು ‘ಸಂಪರ್ಕ ಹೊಡೆತಗಾರ’ ಅಂದರೆ ನಗು ಬರುತ್ತದೆ. ‘ತಾಗು’ ಆಗಬಹುದೇನೋ, ಆದರೆ ಅಂಚಿಗೆ ಸವರಿ ಹಿಂದೆ ಹೋದದ್ದೂ ತಾಗಿದ್ದೇ ಅಲ್ವಾ? ‘ಬ್ಯಾಟಿಗೆ ಚೆನ್ನಾಗಿ ಕೂತಿತು’ ಅಂದಾಗ ಇನ್ನೊಂದು ತುದಿಗೆ ಹೋಗಿಬಿಡುತ್ತೇವೆ. ಕಾಂಟ್ಯಾಕ್ಟ್ ಇವೆರಡರ ನಡುವೆ ಎಲ್ಲೋ ಇದೆ.

ಪವರ್‌ಗೆ ‘ಶಕ್ತಿ’ಗಿಂತ ‘ಕಸುವು’ ನನಗೆ ಇಷ್ಟ. ತೊಡಕು ಬಂದದ್ದು ‘ರಾ ಪವರ್’ನಲ್ಲಿ. ‘ಕಚ್ಚಾ ಶಕ್ತಿ’ ಅಂದರೆ ಎಣ್ಣೆ ನೆನಪಾಗುತ್ತದೆ! ಅಭ್ಯಾಸದಲ್ಲಿ ಕೋಚ್ ಮೆಲ್ಲಗೆ ಎಸೆದ ಚೆಂಡನ್ನು ಹುಡುಗ ಬೇಲಿಯಾಚೆ ಕಳಿಸುತ್ತಾನಲ್ಲ, ಅದು ರಾ ಪವರ್. ಪಂದ್ಯದಲ್ಲಿ ಚೆಂಡೆಸೆಯುವ ಪಿಚರ್ ಯಾಮಾರಿಸುವಾಗಲೂ ಅದರಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಗೇಮ್ ಪವರ್. ‘ಮೈಯ ಕಸುವು’, ‘ಆಟದ ಕಸುವು’ ಎಂದು ಬೇರ್ಪಡಿಸಿದ್ದೇನೆ. ತಂಡಗಳಿಗಾಗಿ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು 20ರಿಂದ 80ರ ಅಳತೆಯಲ್ಲಿ ಒಂದೊಂದು ಗುಣಕ್ಕೂ ಎರಡು ಅಂಕ ಕೊಡುತ್ತಾರೆ, ಈಗಿನದು ಮತ್ತು ಮುಂದೆ ಬರಬಹುದಾದದ್ದು. ಎಳೆಯರಲ್ಲಿ ಈ ಎರಡರ ನಡುವಿನ ಅಂತರ ಕಸುವಿನಲ್ಲಿ ಜಾಸ್ತಿ, ಏಕೆಂದರೆ ಮೈ ತುಂಬಿಕೊಂಡ ಹಾಗೆಲ್ಲ ಅದು ಬೆಳೆಯುತ್ತದೆ. ಇದಕ್ಕೆ ‘ಇಂದಿನದು, ಮುಂದಿನದು’ ಎಂದೆ. ಈ ಒಂದು ಕಡೆ ಕನ್ನಡವೇ ಕೈ ಹಿಡಿಯಿತು.

ಸ್ಪೀಡ್‌ಗೆ ಸುಮ್ನೆ ‘ವೇಗ’ ಎಂದು ಬರೆದರೆ ಯಾವ ವೇಗ ಎನ್ನುವ ಗೊಂದಲ. ಬ್ಯಾಟಿಗೂ ವೇಗ, ಹೊಡೆದ ಚೆಂಡಿಗೂ ವೇಗ. ಪಟ್ಟಿಯಲ್ಲಿರುವುದು ಕಾಲಿನದು, ಅಂದರೆ ಬ್ಯಾಟ್ ಮಾಡುವ ಜಾಗವಾದ ಹೋಮ್ ಪ್ಲೇಟಿನಿಂದ ಮೊದಲ ಬೇಸಿಗೆ 90 ಅಡಿ ಓಡುವುದು. (ಚಿಕ್ಕ ಮಕ್ಕಳ ಲಿಟಲ್ ಲೀಗ್ ಮೈದಾನದಲ್ಲಿ 60 ಅಡಿ.) ಹಾಗಾಗಿ ‘ಓಟ’ ಸಾಕು. ಬ್ಯಾಟಿನದು ‘ಬೀಸಿನ ವೇಗ’.

ಉಳಿದದ್ದು ಕಾಂಟ್ಯಾಕ್ಟ್ ಒಂದೇ. ‘ನೀವು ಆಡುವಾಗ ಏನಂತೀರಿ?’ ಎಂದು ಆ ಹುಡುಗನನ್ನೇ ಕೇಳಿದೆ. ‘ಬಾಲ್ ಸಿಕ್ತು ಅಂತೀವಿ’ ಎಂದ. ಸರಿಯಾದ ಮಾತೇ, ಆದರೆ ಕ್ರಿಯಾಪದ. ಪಟ್ಟಿಯ ತಲೆಯಲ್ಲಿ ‘ಸಿಗುವಿಕೆ’ ಎಂದು ಬರೆದು ನೋಡಿದೆ, ಮರದ ತುಂಡಿನಂತೆ ಕೂತಿತು. ‘ತಾಕು’ ಚಿಕ್ಕದಾಗಿದೆ, ಆದರೆ ಮಕ್ಕಳ ಬಾಯಲ್ಲಿ ಅದು ಈಗಿಲ್ಲ.

ಈಗ ಹೊಳೆದಿರುವುದು ಇಷ್ಟು: ನಾಮಪದದ ಹಟ ಬಿಟ್ಟು, ತಲೆಬರಹಗಳನ್ನು ‘ಚೆಂಡು ಸಿಗುತ್ತಾ? ದೂರ ಹೋಗುತ್ತಾ? ಕಾಲು ಓಡುತ್ತಾ?’ ಎಂದೇ ಬರೆದುಬಿಡುವುದು. ಅಚ್ಚಾದ ಕೈಪಿಡಿಯಲ್ಲಿ ಇದು ನಡೆಯುತ್ತದೆಯೇ? ಅಥವಾ ‘ಸಿಗು’ವಿನಿಂದ ಚಂದದ ನಾಮಪದ ಯಾರಿಗಾದರೂ ಗೊತ್ತಿದೆಯೇ?