‘ಪ್ರಭಾವ’ವೋ ‘ದಾಕ್ಷಿಣ್ಯ’ವೋ: ಆರೋಪಿಯ ಅಂತಸ್ತು ಮತ್ತು ಜ್ಯೂರಿಯ ತೀರ್ಮಾನ

ಆರೋಪಿಯ ಸಾಮಾಜಿಕ ಅಂತಸ್ತು ಜ್ಯೂರಿಯ (ವಿಚಾರಣೆ ಕೇಳಿ ಆರೋಪಿ ದೋಷಿಯೋ ಅಲ್ಲವೋ ಎಂದು ಹೇಳುವ ಸಾಮಾನ್ಯ ನಾಗರಿಕರ ತಂಡ) ತೀರ್ಮಾನವನ್ನು ಹೇಗೆ ಬದಲಿಸುತ್ತದೆ ಎಂಬ ಪಾಠವೊಂದನ್ನು ಮೈಸೂರಿನ ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪಂಚರು’ ಎಂದೊಡನೆ ನಮ್ಮ ಕೋರ್ಟುಗಳಲ್ಲಿ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳು ನೆನಪಾಗುವುದರಿಂದ ‘ಜ್ಯೂರಿ’ಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ‘ಪ್ರಭಾವ’ ಎಂಬ ಪದದಲ್ಲಿ.

‘ಆರೋಪಿಯ ಪ್ರಭಾವದಿಂದ ಬಿಡುಗಡೆಯಾಯಿತು’ ಎಂದು ಬರೆದರೆ ಮೈಸೂರು, ಮಂಡ್ಯ ಕಡೆಯ ಓದುಗರು ಆತ ಯಾರಿಂದಲೋ ಹೇಳಿಸಿದ, ವಶೀಲಿ ನಡೆಸಿದ ಎಂದೇ ತಿಳಿಯುತ್ತಾರೆ. ನನಗೆ ಬೇಕಾದ ಅರ್ಥ ಅದಲ್ಲ: ಆರೋಪಿ ಏನನ್ನೂ ಮಾಡದಿದ್ದರೂ ಅವನ ಹುದ್ದೆ, ಉಡುಪು, ಮಾತಿನ ವರಸೆ, ಮನೆತನಗಳನ್ನು ಕಂಡವರ ಮನಸ್ಸು ಅವರಿಗೇ ಅರಿವಾಗದಂತೆ ಒಂದು ಕಡೆಗೆ ವಾಲುವುದು.

ನಾನಾವತಿ ಪ್ರಕರಣದಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ಎದುರಾಗುತ್ತವೆ. 1959ರಲ್ಲಿ ಮುಂಬಯಿಯಲ್ಲಿ ತಮ್ಮ ಹೆಂಡತಿಯೊಡನೆ ಸಂಬಂಧವಿದ್ದ ಪ್ರೇಮ್ ಅಹುಜಾ ಅವರನ್ನು ಗುಂಡಿಟ್ಟು ಕೊಂದ ಆರೋಪ ಹೊತ್ತಿದ್ದ ನೌಕಾಪಡೆಯ ಕಮಾಂಡರ್ ಕವಾಸ್ ನಾನಾವತಿ ನಿರ್ದೋಷಿಯೆಂದು ಜ್ಯೂರಿಯ ಎಂಟು ಮಂದಿ ಹೇಳಿದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಸೆಷನ್ಸ್ ನ್ಯಾಯಾಧೀಶರು ಆ ತೀರ್ಮಾನವನ್ನು ಅಂಗೀಕರಿಸದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಾನಾವತಿಯವರ ಪರವಾಗಿ ‘ಬ್ಲಿಟ್ಜ್’ ಪತ್ರಿಕೆ ನಡೆಸಿದ ಪ್ರಚಾರವನ್ನು ‘ಪ್ರಭಾವ’ ಎನ್ನಲು ಅಡ್ಡಿಯಿಲ್ಲ. ಆದರೆ ಎದುರಿಗಿರುವವನು ನೌಕಾಪಡೆಯ ಅಧಿಕಾರಿ ಎಂಬ ತಿಳಿವಿನಿಂದಲೇ ಹುಟ್ಟುವ ಗೌರವವನ್ನು, ವಂಚಿತ ಗಂಡನ ಮೇಲಿನ ಮರುಕದೊಡನೆ ಅದು ಎಷ್ಟೇ ಬೆರೆತಿರಲಿ, ಅದೇ ಪದದಿಂದ ಕರೆಯುವುದು ನನಗೆ ಸರಿಕಾಣುವುದಿಲ್ಲ.

ಅಮೆರಿಕದ ಜ್ಯೂರಿಗಳ ಬಗ್ಗೆ 1966ರಲ್ಲಿ ಹ್ಯಾರಿ ಕ್ಯಾಲ್ವನ್ ಮತ್ತು ಹ್ಯಾನ್ಸ್ ಜೈಸಲ್ ಪ್ರಕಟಿಸಿದ ಅಧ್ಯಯನದ ಒಂದು ವಿಚಾರ ಇಲ್ಲಿ ಮುಖ್ಯವಾಗುತ್ತದೆ. ಸಾಕ್ಷ್ಯ ಗಟ್ಟಿಯಾಗಿದ್ದಾಗ ಜ್ಯೂರಿಯವರ ಭಾವನೆಗಳಿಗೆ ಎಡೆ ಕಡಿಮೆ. ಸಾಕ್ಷ್ಯ ಎರಡೂ ಕಡೆಗೆ ಸಮನಾಗಿ ಸಂದೇಹ ಉಳಿದಾಗಲೇ ಆ ಭಾವನೆಗಳು ಒಳಗೆ ಬರುತ್ತವೆ. ಆದ್ದರಿಂದ ನಾವು ಆರಿಸುವ ಪದವು ಸಾಕ್ಷ್ಯವನ್ನು ಕಡೆಗಣಿಸಿದರೆಂಬ ದೂರನ್ನು ಹೊರಿಸಬಾರದು. ಉದ್ದೇಶಪೂರ್ವಕತೆಯ ಛಾಯೆಯಿರುವ ‘ಪಕ್ಷಪಾತ’ವನ್ನು ಈ ಕಾರಣಕ್ಕಾಗಿಯೇ ಬಿಟ್ಟಿದ್ದೇನೆ.

‘ಮುಖ ನೋಡಿ ಮಣೆ ಹಾಕು’ ಎಂಬ ನಮ್ಮ ಮಾತು ಬಹಳ ಹತ್ತಿರ ಬರುತ್ತದೆಯಾದರೂ ಮಣೆ ಹಾಕುವವನಿಗೆ ತಾನು ಮಾಡುತ್ತಿರುವುದು ಚೆನ್ನಾಗಿ ಗೊತ್ತಿರುತ್ತದೆ. ‘ಮುಖದಾಕ್ಷಿಣ್ಯ’ದಲ್ಲಿ ಮನಸ್ಸು ಮೆತ್ತಗಾಗುವ ಅರ್ಥವಿದೆ, ಆದರೆ ಅದಕ್ಕೆ ಪರಿಚಯವಿರಬೇಕು, ಜ್ಯೂರಿಯವರಿಗೆ ಆರೋಪಿ ಅಪರಿಚಿತ. ‘ಸ್ಥಾನಮಾನ’ ಸರ್ಕಾರಿ ಆದೇಶದ ಭಾಷೆಯಂತೆ ಕೇಳಿಸುವುದರಿಂದ, ಮಾಳಿಗೆಯ ಅರ್ಥವೂ ಇದ್ದರೂ, ‘ಅಂತಸ್ತು’ ಎಂಬುದನ್ನೇ ಹಿಡಿದು ಸದ್ಯಕ್ಕೆ ‘ಅಂತಸ್ತಿನ ದಾಕ್ಷಿಣ್ಯ’ ಎಂದು ಬರೆದಿದ್ದೇನೆ. ಪರಿಚಯವಿಲ್ಲದವರ ವಿಷಯದಲ್ಲಿ, ಕೇವಲ ಹುದ್ದೆ ಅಥವಾ ಮನೆತನ ಕಂಡು ಮೂಡುವ ಮೆದುತನಕ್ಕೆ ‘ದಾಕ್ಷಿಣ್ಯ’ ಎನ್ನುವುದನ್ನು ಮಂಡ್ಯ, ಮೈಸೂರು ಸೀಮೆಯ ಆಡುಮಾತಿನಲ್ಲಿ ಯಾರಾದರೂ ಕೇಳಿದ್ದೀರಾ? ಇದಕ್ಕಿಂತ ಒಪ್ಪುವ ಪದವಿದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಬಲ್ಲವರಲ್ಲಿ ಕೋರುತ್ತೇನೆ.